ಕಟ್ಟಿಗೆ ಬಾಗಿಸುವುದೂ ಓದೇ ಅಲ್ಲವೇ?

ಡಿಗ್ರಿ ಮುಗಿಸಿದವರು ಉಳಿ, ಗರಗಸ ಹಿಡಿದು ಕೂತರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಒಂದೇ: ‘ಯಾಕವಾ, ಎಕ್ಸಾಮ್ ಆಗ್ಲಿಲ್ಲೇನು?’ ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಕೈಕೆಲಸ ಎಂದರೆ ಓದಿನಲ್ಲಿ ಸೋತವರು ಕೊನೆಗೆ ಬಂದು ನಿಲ್ಲುವ ಜಾಗ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ, ಅಷ್ಟೆ. ನನ್ನ ತಕರಾರು ಇರುವುದು ಈ ಒಪ್ಪಿಗೆಯ ಬಗ್ಗೆಯೇ.

ನಾನು ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಝಳಕಿಯವಳು. ಬಿ.ಎಸ್ಸಿ. ಮುಗಿದಿದೆ. ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ, ಸಂಜೆ ಕಟ್ಟಿಗೆಯ ಗೊಂಬೆ ಮನೆ ಮಾಡುತ್ತೇನೆ. ಗೋಡೆ, ಬಾಗಿಲು, ಕಿಟಕಿ ಕಷ್ಟವಲ್ಲ. ಅಳತೆ ಸರಿಯಿದ್ದರೆ ಕೂತುಕೊಳ್ಳುತ್ತವೆ. ಕಷ್ಟವಿರುವುದು ಬಾಗಿದ ಚಾವಣಿಯಲ್ಲಿ. ನಮ್ಮೂರಿನ ಹಳೆಯ ಮಣ್ಣಿನ ಮಾಳಗಿ ಮನೆಗಳ ಮೇಲ್ಭಾಗ ಸಪಾಟು. ಆದರೆ ಮಕ್ಕಳು ಕೇಳುವುದು ಗುಂಡಗಿನ ಚಾವಣಿಯನ್ನೇ. ಗೋಳಗುಮ್ಮಟದ ಜಿಲ್ಲೆಯ ಮಕ್ಕಳಲ್ಲವೇ!

ಎರಡು ಮಿಲಿಮೀಟರ್ ದಪ್ಪದ ಕಟ್ಟಿಗೆ ಪಟ್ಟಿಯನ್ನು ಸೀಳದಂತೆ ಬಾಗಿಸಲು ಏನೇನು ತಿಳಿದಿರಬೇಕು ಎಂದು ಸ್ವಲ್ಪ ನೋಡಿ. ಮೊದಲು ಕಟ್ಟಿಗೆಯ ಎಳೆ. ಅದು ಪಟ್ಟಿಯ ಉದ್ದಕ್ಕೂ ನೇರವಾಗಿ ಸಾಗಿರಬೇಕು. ಓರೆಯಾಗಿ ಅಂಚಿಗೆ ಬಂದರೆ ಸೀಳು ಅಲ್ಲಿಂದಲೇ ಶುರು. ಗಂಟು ಇರುವ ಪಟ್ಟಿ ಬೇಡವೇ ಬೇಡ. ಎರಡನೆಯದು ಒತ್ತಡದ ಲೆಕ್ಕ. ಬಾಗುವಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಹಬೆ ಕುಡಿದ ಕಟ್ಟಿಗೆ ಕುಗ್ಗಲು ಒಪ್ಪುತ್ತದೆ, ಹಿಗ್ಗಲು ಅಷ್ಟಾಗಿ ಒಪ್ಪುವುದಿಲ್ಲ. ಅದಕ್ಕೇ ಹೆಚ್ಚಾಗಿ ಹೊರಮೈಯೇ ಬಿರಿಯುತ್ತದೆ. ಮೂರನೆಯದು ಶಾಖ. ಕಟ್ಟಿಗೆಯ ಎಳೆಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತು ನೀರು ಮತ್ತು ಬಿಸಿ ಎರಡೂ ಸಿಕ್ಕಾಗ ಮೆತ್ತಗಾಗುತ್ತದೆ, ಆರಿದಾಗ ಮತ್ತೆ ಗಟ್ಟಿಯಾಗುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ತಾಸು ಹಬೆ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಎರಡು ಮಿಲಿಮೀಟರಿಗೆ ಐದೇ ನಿಮಿಷ ಸಾಕು. ಆಮೇಲೆ ಅಚ್ಚಿಗೆ ಬಿಗಿದು ಪೂರ್ತಿ ಒಣಗುವವರೆಗೆ ಬಿಡಬೇಕು. ಬಿಚ್ಚಿದ ಮೇಲೆ ಪಟ್ಟಿ ಸ್ವಲ್ಪ ನೆಟ್ಟಗಾಗಲು ನೋಡುತ್ತದೆ. ಆದ್ದರಿಂದ ಅಚ್ಚನ್ನು ಮೊದಲೇ ತುಸು ಸಣ್ಣದು ಆರಿಸಬೇಕು.

ಇದರಲ್ಲಿ ಸಸ್ಯಶಾಸ್ತ್ರ ಇದೆ, ಭೌತಶಾಸ್ತ್ರ ಇದೆ, ರೇಖಾಗಣಿತ ಇದೆ. ಲಿಗ್ನಿನ್ ಎಂಬ ಹೆಸರನ್ನು ನಾನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ. ಅದು ಬೆರಳ ತುದಿಗೆ ಹೇಗೆ ತಿಳಿಯುತ್ತದೆ ಎಂಬುದು ಗೊತ್ತಾಗಿದ್ದು ಬಿಸಿ ಪಟ್ಟಿ ಹಿಡಿದಾಗ.

ಇನ್ನೊಂದು ದಾರಿಯೂ ಇದೆ. ಪ್ಲೈವುಡ್ ಅಂಗಡಿಯಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪದ ವಿನಿಯರ್ ಹಾಳೆ ಸಿಗುತ್ತದೆ. ಅಂಥ ಮೂರು ನಾಲ್ಕು ಹಾಳೆಗಳ ನಡುವೆ ಫೆವಿಕಾಲ್ ಸವರಿ, ಹೊಲದಲ್ಲಿ ಉಳಿದ ಪಿವಿಸಿ ಪೈಪಿನ ಮೇಲೆ ಹೊದಿಸಿ, ಸೈಕಲ್ಲಿನ ಹಳೆ ಟ್ಯೂಬನ್ನು ಪಟ್ಟಿ ಮಾಡಿ ಬಿಗಿಯಾಗಿ ಸುತ್ತಬೇಕು. ಮರುದಿನ ಬಿಚ್ಚಿದರೆ ಕಮಾನು ತಯಾರು. ಇದಕ್ಕೆ ಹಬೆ ಬೇಡ. ದುಬಾರಿ ಯಂತ್ರವೂ ಬೇಡ. ಆದರೆ ಗುಮ್ಮಟ ಬೇಕೆಂದರೆ ಈ ಉಪಾಯ ನಡೆಯುವುದಿಲ್ಲ. ಚೆಂಡಿಗೆ ಕಾಗದ ಸುತ್ತಲು ಹೋದರೆ ಸುಕ್ಕು ಬೀಳುವುದಿಲ್ಲವೇ, ಹಾಗೆಯೇ ಹಾಳೆ ಎರಡೂ ದಿಕ್ಕಿಗೆ ಒಟ್ಟಿಗೆ ಬಾಗಲಾರದು. ಆಗ ಕಿತ್ತಳೆ ತೊಳೆಯ ಆಕಾರದ ಸಣ್ಣ ಸಣ್ಣ ತುಂಡುಗಳನ್ನು ಬಾಗಿಸಿ ಪಕ್ಕಪಕ್ಕ ಕೂಡಿಸಬೇಕು.

ಇದೆಲ್ಲ ಹೊರಗಿನಿಂದ ಬಂದ ವಿದ್ಯೆ ಎಂದುಕೊಳ್ಳಬೇಡಿ. ಮೊಹರಂ ಬಂದಾಗ ನಮ್ಮ ಕಡೆ ಬಿದಿರು ಸೀಳಿ, ಬಾಗಿಸಿ, ಮೇಲೆ ಬಣ್ಣದ ಕಾಗದ ಅಂಟಿಸಿ ತಾಬೂತು ಕಟ್ಟುತ್ತಾರೆ. ಅದೂ ಒಂದು ಕಟ್ಟಡದ ಸಣ್ಣ ಮಾದರಿಯೇ. ಗಾಳಿಪಟದ ಕಮಾನು, ಸವಾರಿ ಬಂಡಿಯ ಮೇಲಿನ ಮುಚ್ಚಿಗೆ, ಬುಟ್ಟಿಯ ಬಾಯಿ, ಎಲ್ಲವೂ ಬಾಗಿಸುವ ಕೆಲಸಗಳೇ. ಚಕ್ಕಡಿಯ ಗಾಲಿ ಮಾತ್ರ ಬೇರೆ. ಅಲ್ಲಿ ಬಡಿಗೇರರು ಜಾಲಿಯಂಥ ಗಟ್ಟಿ ಕಟ್ಟಿಗೆಯನ್ನು ಬಾಗಿಸಲು ಹೋಗುವುದಿಲ್ಲ. ಬಾಗಿದ ತುಂಡುಗಳನ್ನು ಕೊರೆದು ಒಂದಕ್ಕೊಂದು ಜೋಡಿಸಿ, ಕಾಯಿಸಿದ ಕಬ್ಬಿಣದ ಹಳಿ ತೊಡಿಸಿ, ನೀರು ಹೊಯ್ದು ಬಿಗಿ ಮಾಡುತ್ತಾರೆ. ಎಲ್ಲಿ ಬಾಗಿಸಬೇಕು, ಎಲ್ಲಿ ಕೊರೆದು ಜೋಡಿಸಬೇಕು ಎಂಬ ಈ ತೀರ್ಮಾನವನ್ನೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ‘ಡಿಸೈನ್’ ಎನ್ನುತ್ತಾರೆ.

ಜರ್ಮನಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಮೈಕೆಲ್ ಥೋನೆಟ್ ಎಂಬ ಬಡಗಿ ಇದೇ ಹಬೆ, ಇದೇ ಅಚ್ಚಿನಿಂದ ದೊಡ್ಡ ಉದ್ಯಮ ಕಟ್ಟಿದ. ಹೊರಮೈ ಬಿರಿಯದಂತೆ ಲೋಹದ ಪಟ್ಟಿಯನ್ನು ಒತ್ತಾಗಿ ಬಿಗಿದು ಬಾಗಿಸುವುದು ಅವನ ಉಪಾಯ. 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿಗೆ ಇದ್ದದ್ದು ಆರೇ ಬಿಡಿಭಾಗ. ಬಿಚ್ಚಿ ಕಟ್ಟಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಲಕ್ಷಗಟ್ಟಲೆ ಮಾರಾಟವಾದ ಆ ಕುರ್ಚಿ ಇಂದಿಗೂ ತಯಾರಾಗುತ್ತಿದೆ. ಅಲ್ಲಿ ಬಡಗಿಯ ಕೈ ಕಾರ್ಖಾನೆಗೆ ದಾರಿ ಮಾಡಿತು. ನಮ್ಮಲ್ಲಿ ಅದೇ ಕೈ ಒಂದು ಓಣಿಯಲ್ಲೇ ಉಳಿಯಿತು.

ಹೀಗಾಗಲು ಒಂದು ಕಾರಣ ಎಲ್ಲರಿಗೂ ಗೊತ್ತು, ಹೇಳುವವರು ಕಡಿಮೆ. ಗೊಂಬೆ ಮನೆ ಮಾಡಲು ಕೂತಾಗ ನನಗೆ ಸಿಕ್ಕ ಎರಡನೆಯ ಪ್ರಶ್ನೆ: ‘ಇದು ಬಡಿಗೇರ ಮನ್ಯಾನವರ ಕೆಲಸ, ನಿನಗ್ಯಾಕ ಬೇಕು?’ ಮೂರನೆಯದು: ‘ಹುಡುಗ್ಯಾರು ಗರಗಸ ಹಿಡೀತಾರೇನು?’ ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. 12ನೇ ಶತಮಾನದ ಆ ಶರಣರ ಸಾಲಿನಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದ ಮೇದಾರ ಕೇತಯ್ಯನೂ ಇದ್ದ, ವಚನ ಬರೆದ. ಕೈಕೆಲಸ ಮಾಡುವವನು ವಿಚಾರವನ್ನೂ ಮಾಡಬಲ್ಲ ಎಂದು ನಮ್ಮ ನೆಲ ಅಂದೇ ತೋರಿಸಿತ್ತು. ಜಯಂತಿಯ ದಿನ ಕಾಯಕದ ಮೇಲೆ ಭಾಷಣ ಮಾಡುವ ನಾವು, ಮಕ್ಕಳ ಕೈಗೆ ಉಳಿ ಕೊಡಲು ಮಾತ್ರ ಹಿಂಜರಿಯುತ್ತೇವೆ.

‘ಹೊಟ್ಟೆ ತುಂಬ್ತದೇನು?’ ಎಂಬ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ: ಸದ್ಯಕ್ಕೆ ನನ್ನದು ತುಂಬುವುದಿಲ್ಲ. ಒಂದು ಮನೆಗೆ ಒಂದು ವಾರದ ಸಂಜೆಗಳು ಹೋಗುತ್ತವೆ. ಮೂರು ಸಾವಿರ ಎಂದರೆ, ‘ಪ್ಲಾಸ್ಟಿಕ್‌ದು ಇನ್ನೂರಕ್ಕ ಬರ್ತದಲ್ಲವಾ’ ಎನ್ನುತ್ತಾರೆ. ಆದ್ದರಿಂದ ಪುಸ್ತಕ ಮುಚ್ಚಿಟ್ಟು ಎಲ್ಲರೂ ಗೊಂಬೆ ಮನೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಲೇಸರ್ ಯಂತ್ರ ಪ್ಲೈವುಡ್ಡಿಗೆ ಸಾಲು ಸಾಲು ಸೀಳು ಹಾಕಿ ಕ್ಷಣದಲ್ಲಿ ಬಾಗುವಂತೆ ಮಾಡುತ್ತದೆ ಎಂಬುದೂ ನಿಜ. ಆದರೆ ಆ ಸೀಳುಗಳನ್ನು ಯಾವ ದಿಕ್ಕಿಗೆ ಹಾಕಬೇಕೆಂದು ಹೇಳುವವರಿಗೆ ಕಟ್ಟಿಗೆಯ ಎಳೆ ಗೊತ್ತಿರಲೇಬೇಕು.

ಉದ್ಯೋಗ ಹುಡುಕುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಇದೆ. ಮಾಡಿದ್ದನ್ನು ಮಾರಬೇಕೆನ್ನುವವರು ಇದನ್ನು ತಿಳಿದಿರಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಶತಮಾನಗಳಿಂದ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದಾರೆ. ಅದೇ ಜಿಲ್ಲೆಯ ಭಾನಾಪುರದಲ್ಲಿ ಈಗ ಆಟಿಕೆ ಕ್ಲಸ್ಟರ್ ಬಂದಿದೆ. ಎನ್‌ಐಡಿಯಂಥ ವಿನ್ಯಾಸ ಸಂಸ್ಥೆಯ ಸ್ನಾತಕೋತ್ತರ ಕೋರ್ಸಿಗೆ ಯಾವುದೇ ಪದವಿ ಪಡೆದವರೂ ಅರ್ಜಿ ಹಾಕಬಹುದು. ಅಲ್ಲಿ ಬರಹದ ಪರೀಕ್ಷೆ ದಾಟಿದವರಿಗೆ ಎರಡನೆಯ ಹಂತದಲ್ಲಿ ಸ್ಟುಡಿಯೊ ಪರೀಕ್ಷೆ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥ ಕೈ ಇರುವವರಿಗೇನು ಬರವೇ? ಹೀಗೊಂದು ಪರೀಕ್ಷೆ ಇದೆ ಎಂಬ ಸುದ್ದಿಯೇ ಇಲ್ಲಿಗೆ ತಲುಪಿಲ್ಲ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ, ಗೊಂಬೆ ತಯಾರಿಕೆಯೂ ಇದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ಸಿಗುತ್ತದೆ. ಒಳ್ಳೆಯದೇ. ಆದರೆ ಅದು ಆಗಲೇ ಆ ಕಸುಬಿನಲ್ಲಿ ಇರುವವರಿಗೆ. ಹೊಸದಾಗಿ ಕಲಿಯಬೇಕೆನ್ನುವ ಡಿಗ್ರಿ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಐಟಿಐಯಲ್ಲಿ ಬಡಗಿ ಕೋರ್ಸ್ ಒಂದು ವರ್ಷದ್ದು. ಅದಕ್ಕೆ ಸೇರಬೇಕೆಂದರೆ ಡಿಗ್ರಿ ಬಿಡಬೇಕು. ಎರಡನ್ನೂ ಕೂಡಿಸುವ ಬಾಗಿಲು ಎಲ್ಲೂ ಇಲ್ಲ.

ಆ ಬಾಗಿಲು ತೆರೆಯುವುದು ಅಷ್ಟೇನೂ ಕಷ್ಟವಲ್ಲ. ಐಟಿಐ ಇರುವ ಊರುಗಳಲ್ಲಿ ಭಾನುವಾರ ಅದರ ಕಾರ್ಯಾಗಾರವನ್ನು ಪದವಿ ವಿದ್ಯಾರ್ಥಿಗಳಿಗೆ ತೆರೆಯಲಿ. ಕಲಿಸಲು ಊರಿನ ಬಡಿಗೇರರನ್ನು, ಮೇದಾರರನ್ನು, ತಾಬೂತು ಕಟ್ಟುವವರನ್ನು ಕರೆಯಲಿ. ಅವರಿಗೆ ಶಾಲು, ಹಾರ ಬೇಡ, ಅತಿಥಿ ಉಪನ್ಯಾಸಕರಿಗೆ ಕೊಡುವಂತೆ ತಾಸಿಗಿಷ್ಟು ಎಂದು ಗೌರವಧನ ಕೊಡಲಿ. ಕಲಿತವರಿಗೆ ಅಂಕಪಟ್ಟಿಯಲ್ಲಿ ಕ್ರೆಡಿಟ್ ಇರಲಿ. ಹುಡುಗಿಯರಿಗೂ ಅಷ್ಟೇ ಟೇಬಲ್ಲು, ಅಷ್ಟೇ ಉಳಿ.

ಅಲ್ಲಿಯವರೆಗೆ ಕಾಯುವುದೂ ಬೇಕಿಲ್ಲ. ನಿಮ್ಮೂರಿನಲ್ಲಿ ಬಡಿಗೇರ ಕಾಕಾ ಒಬ್ಬರು ಇದ್ದೇ ಇರುತ್ತಾರೆ. ಎರಡು ಭಾನುವಾರ ಅವರ ಬಳಿ ಕೂತು ಬನ್ನಿ. ಪರೀಕ್ಷೆಯ ತಯಾರಿಗೆ ಅದರಿಂದ ನಷ್ಟವೇನೂ ಆಗದು. ‘ಎಕ್ಸಾಮ್ ಆಗ್ಲಿಲ್ಲೇನು?’ ಎಂದು ಯಾರಾದರೂ ಕೇಳಿದರೆ, ಇದೂ ಒಂದು ಪೇಪರು, ಕಟ್ಟುತ್ತಿದ್ದೇನೆ ಎನ್ನಿ.