ಹಳಿ ಕಿತ್ತ ದಾರಿ ಯಾರಿಗೆ ಸೇರಬೇಕು?

ರೈಲು ನಿಂತುಹೋದ ಮಾರ್ಗದ ನೆಲವನ್ನು ಪಕ್ಕದ ಹೊಲಗಳಿಗೆ ಹಂಚಬೇಕೆ, ಇಲ್ಲವೆ ಇಡಿಯಾಗಿ ಉಳಿಸಿ ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಡಬೇಕೆ? ಅಮೆರಿಕದ ರೈತರಲ್ಲಿ ಈ ಪ್ರಶ್ನೆ ದೊಡ್ಡ ವ್ಯಾಜ್ಯಕ್ಕೇ ಕಾರಣವಾಯಿತು.

ಅಲ್ಲಿನ ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ಊರುಗಳ ನಡುವಿನ 32 ಮೈಲಿ ಮಾರ್ಗ 1960ರ ದಶಕದಲ್ಲೇ ಇಂಥ ದಾರಿಯಾಯಿತು. ಮಿಸೌರಿ ರಾಜ್ಯದಲ್ಲಿ 1986ರಲ್ಲಿ ರೈಲು ನಿಂತ ಮಾರ್ಗದ ಮೇಲೆ ಈಗ ಸುಮಾರು 240 ಮೈಲಿಯ 'ಕೇಟಿ' ದಾರಿಯಿದೆ. ಅದರ ಮೊದಲ ಭಾಗ ತೆರೆದದ್ದು 1990ರಲ್ಲಿ. ಹಳಿ ತೆಗೆದು ಸುಣ್ಣಕಲ್ಲಿನ ಪುಡಿ ಹಾಸಿದ್ದಾರೆ. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ಈ ದಾರಿಗಳಲ್ಲಿ ವಯಸ್ಸಾದವರೂ ಸುಲಭವಾಗಿ ಸೈಕಲ್ ತುಳಿಯಬಹುದು.

ರೈತರ ತಕರಾರು ಸುಳ್ಳಲ್ಲ. ಹಿರಿಯರು ಹಲವೆಡೆ ರೈಲು ಓಡಿಸಲು ದಾರಿಯ ಹಕ್ಕು ಕೊಟ್ಟಿದ್ದರೇ ಹೊರತು ನೆಲವನ್ನಲ್ಲ. 100 ಅಡಿ ಅಗಲದ ಪಟ್ಟಿ ಎಂದರೆ ಮೈಲಿಗೆ ಸುಮಾರು 12 ಎಕರೆ. ಮುಂದೆ ರೈಲಿಗೆ ಬೇಕಾಗಬಹುದೆಂದು ಮಾರ್ಗವನ್ನು ಕಾದಿರಿಸಿ, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸಲು 1983ರ ಕಾನೂನು ಅವಕಾಶ ಕೊಟ್ಟಿತು. 1990ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದರೂ ಪರಿಹಾರ ಕೇಳುವ ಬಾಗಿಲು ಮುಚ್ಚಲಿಲ್ಲ. ಮುಂದೆ ಹಲವು ಜಮೀನುದಾರರಿಗೆ ಪರಿಹಾರ ದೊರೆಯಿತು.

ಬೇಸಾಯ ವಿಜ್ಞಾನಿಯಾಗಿ ನನ್ನ ಅಭಿಪ್ರಾಯ ಇದು: ದಾರಿ ಉಳಿಯಲಿ, ಆದರೆ ರೈತನಿಗೆ ನ್ಯಾಯ ಸಂದ ಮೇಲೆ. ಜಲ್ಲಿ ತುಂಬಿ ಗಟ್ಟಿಯಾದ ಆ ಏರಿಯಲ್ಲಿ ಬೇರು ಇಳಿಯದು, ತೇವ ನಿಲ್ಲದು. ಅದನ್ನು ಹೊಲವಾಗಿಸುವ ಖರ್ಚಿಗೆ ತಕ್ಕ ಫಸಲು ಬರುವುದು ಕಷ್ಟ. ಏರಿಯನ್ನು ಅಲ್ಲಲ್ಲಿ ಕಡಿದು ಮೋರಿ ಮುಚ್ಚಿದರೆ ಮೇಲಿನ ಹೊಲದಲ್ಲಿ ನೀರು ನಿಂತೀತು, ಕೆಳಗಿನ ಹೊಲದ ಮಣ್ಣು ಕೊಚ್ಚೀತು. ಬೇಲಿ ಕಟ್ಟುವುದು, ಕಳೆ ಬೀಜಕಟ್ಟುವ ಮುನ್ನ ಕೀಳಿಸುವುದು, ಮೋರಿ ಶುಚಿ ಮಾಡುವುದು, ದನಕರು ಮತ್ತು ಟ್ರಾಕ್ಟರ್ ದಾಟಲು ಜಾಗ ಬಿಡುವುದು—ಈ ನಾಲ್ಕೂ ದಾರಿ ನಡೆಸುವವರ ಹೊಣೆಯೆಂದು ಮೊದಲೇ ಬರೆದಿಡಬೇಕು.

ರೈತ ಬಾಂಧವರೇ, ನಮ್ಮ ಬಂಡಿದಾರಿಗಳಿಗೂ ಈ ಮಾತು ಸಲ್ಲುತ್ತದೆ. ಗ್ರಾಮ ನಕಾಶೆಯಲ್ಲಿದ್ದ ದಾರಿಯನ್ನು ಒಬ್ಬರು ಒಂದು ಸಾಲು, ಇನ್ನೊಬ್ಬರು ಎರಡು ಸಾಲು ಉತ್ತು ಸೇರಿಸಿಕೊಂಡರೆ ಸುಗ್ಗಿಯಲ್ಲಿ ಗಾಡಿ ಹೊಲ ಮುಟ್ಟದು. ಒಮ್ಮೆ ತುಂಡಾದ ದಾರಿಯನ್ನು ಮತ್ತೆ ಕೂಡಿಸುವುದು ಬಲು ಕಷ್ಟ. ಇರುವಾಗಲೇ ಕಾಪಾಡಿಕೊಳ್ಳುವುದು ಲೇಸು.