ಕಣ್ಣಿನ ತೀರ್ಪು, ಕ್ಯಾಮೆರಾದ ಸಾಕ್ಷಿ



ಎಡವದೆ ನಡೆದವರು ಲೋಕದಲ್ಲಿ ಯಾರೂ ಇಲ್ಲ. ನಡೆಯಲು ಕಲಿಯುವ ಮಗು ದಿನಕ್ಕೆ ಹತ್ತು ಸಲ ಬೀಳುತ್ತದೆ; ಮುಪ್ಪಿನಲ್ಲಿ ಮತ್ತೆ ಕಾಲು ತಡವರಿಸುವ ಕಾಲ ಬರುತ್ತದೆ. ನಡುವಣ ವಯಸ್ಸಿನವರಿಗೂ ಹೊಸ್ತಿಲು ತಾಗುವುದು, ಸೆರಗು ಸಿಕ್ಕಿಕೊಳ್ಳುವುದು, ಕೈಯೊಳಗಿನ ತಂಬಿಗೆ ಜಾರುವುದು ತಪ್ಪಿದ್ದಲ್ಲ. ಹಿಂದೆ ಇಂಥ ಗಳಿಗೆಗಳಿಗೆ ಸಾಕ್ಷಿಯಾಗುತ್ತಿದ್ದವರು ಹತ್ತಿರವಿದ್ದ ನಾಲ್ಕು ಜನ ಮಾತ್ರ. ಅವರು ನಗುತ್ತಿದ್ದರು, ಕೈಹಿಡಿದು ಎಬ್ಬಿಸುತ್ತಿದ್ದರು, ಸಂಜೆಯಾಗುವಷ್ಟರಲ್ಲಿ ಮರೆತುಬಿಡುತ್ತಿದ್ದರು. ಇಂದು ಆ ನಾಲ್ವರ ಕೈಯಲ್ಲಿಯೂ ಒಂದೊಂದು ಕ್ಯಾಮೆರಾ ಇದೆ. ಮನುಷ್ಯನಿಗೆ ಮರೆವೆಂಬ ವರವುಂಟು, ಯಂತ್ರಕ್ಕೆ ಅದಿಲ್ಲ. ಆದುದರಿಂದ ನಡಿಗೆಯ ಸ್ಪರ್ಧೆಯನ್ನೂ ಅದರ ಛಾಯಾಚಿತ್ರ ತೆಗೆಯುವವರ ಹೊಣೆಯನ್ನೂ ಕುರಿತು ಈ ತಿಂಗಳು ನಾಲ್ಕು ಮಾತು ಅರಿಕೆ ಮಾಡಬಯಸುತ್ತೇನೆ.

ಊರಿಗೆ ಊರೇ ಸೇರಿ ನಡೆಯುವ ಸ್ಪರ್ಧೆಗೆ ಒಂದು ಸೊಗಸಾದ ನಿದರ್ಶನವು ದೂರದ ದ್ವೀಪವೊಂದರಲ್ಲಿ ದೊರೆಯುತ್ತದೆ. ಇಂಗ್ಲೆಂಡ್ ಹಾಗೂ ಐರ್ಲೆಂಡ್‌ಗಳ ನಡುವಣ ಸಮುದ್ರದಲ್ಲಿರುವ ಆ ದ್ವೀಪದ ಹೆಸರು ಐಲ್ ಆಫ್ ಮ್ಯಾನ್. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 84,000. ಅಲ್ಲಿ ಹಗಲು ಅತಿ ದೀರ್ಘವಾಗಿರುವ ಜೂನ್ ತಿಂಗಳಿನಲ್ಲಿ 'ಪ್ಯಾರಿಷ್ ವಾಕ್' ಎಂಬ ನಡಿಗೆಯ ಸ್ಪರ್ಧೆ ನಡೆಯುತ್ತದೆ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ದ್ವೀಪದಲ್ಲಿ ಇಂಥ 17 ಪ್ಯಾರಿಷ್‌ಗಳಿವೆ. ಆ 17 ಚರ್ಚುಗಳನ್ನೂ ಕಾಲ್ನಡಿಗೆಯಲ್ಲಿಯೇ ಮುಟ್ಟಿಬರಬೇಕು. ದೂರ 85 ಮೈಲಿ, ಅಂದರೆ ಸುಮಾರು 137 ಕಿಲೋಮೀಟರು. ಅವಧಿ 24 ಗಂಟೆ. ಓಡುವಂತಿಲ್ಲ.

ಸಾವಿರಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ ವರ್ಷಗಳುಂಟು. ಅವರಲ್ಲಿ ಪಳಗಿದ ಕ್ರೀಡಾಪಟುಗಳು ಕೆಲವರೇ. ಉಳಿದವರೆಲ್ಲ ಸಾಮಾನ್ಯ ಗೃಹಸ್ಥರು. 85 ಮೈಲಿಯನ್ನು ಪೂರೈಸುವವರ ಸಂಖ್ಯೆ ಬಹಳ ಕಡಿಮೆ. 32½ ಮೈಲಿಯ ಹಂತದಲ್ಲಿರುವ ಪೀಲ್ ಎಂಬ ಊರನ್ನು ಮುಟ್ಟಿದರೆ ಸಾಕೆಂದು ಮನೆಯಿಂದಲೇ ನಿಶ್ಚಯಿಸಿ ಹೊರಡುವವರು ಅನೇಕರು. ಯಾರು ಯಾವ ಚರ್ಚಿನವರೆಗೆ ನಡೆದರೋ ಅಲ್ಲಿಯವರೆಗಿನ ಅವರ ನಡಿಗೆಯು ಫಲಿತಾಂಶದ ಪಟ್ಟಿಯಲ್ಲಿ ದಾಖಲಾಗುತ್ತದೆ. ಈ ಏರ್ಪಾಡಿನ ಔದಾರ್ಯವನ್ನು ಗಮನಿಸಬೇಕು. ನಡುದಾರಿಯಲ್ಲಿ ನಿಂತವನನ್ನು ಸೋತವನೆಂದು ಬದಿಗೆ ಸರಿಸದೆ, ಇಷ್ಟು ದೂರ ನಡೆದವನೆಂದು ಅದು ಗೌರವಿಸುತ್ತದೆ.

ಹಗಲಿರುಳು ನಡೆಯುವ ಇಂಥ ದಾರಿಯಲ್ಲಿ ಅವಘಡಗಳಿಗೆ ಕೊರತೆಯೇ? ಅಂಗಾಲಿನಲ್ಲಿ ಬೊಬ್ಬೆ ಏಳುತ್ತದೆ. ಬೂಟಿನ ದಾರ ಬಿಚ್ಚುತ್ತದೆ. ಕುಡಿಯಲೆಂದು ಎತ್ತಿದ ನೀರು ಅಂಗಿಯ ಮೇಲೆ ಚೆಲ್ಲುತ್ತದೆ. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಛಾಯಾಗ್ರಾಹಕನಾದರೋ ದಾರಿಯ ಏರಿನಲ್ಲಿ ನಿಲ್ಲಬಯಸುತ್ತಾನೆ. ಏಕೆಂದರೆ ಏರಿನಲ್ಲಿ ನಡೆಯುವವರ ವೇಗ ತಗ್ಗುತ್ತದೆ. ಮುಖಭಾವ ಸ್ಪಷ್ಟವಾಗಿ ದೊರೆಯುತ್ತದೆ. ಆದರೆ ಮನುಷ್ಯನ ಆಯಾಸವು ಹೊರಗೆ ಕಾಣುವ ಸ್ಥಳವೂ ಅದೇ. ಒಳ್ಳೆಯ ಚಿತ್ರವೂ ನೋಯಿಸುವ ಚಿತ್ರವೂ ಒಂದೇ ತಿರುವಿನಲ್ಲಿ ಹುಟ್ಟುತ್ತವೆ ಎಂಬುದೇ ಇಲ್ಲಿಯ ಇಕ್ಕಟ್ಟು.

ಈ ಇಕ್ಕಟ್ಟನ್ನು ಬಿಡಿಸಲು ನಡಿಗೆಯ ಕ್ರೀಡೆಯ ನಿಯಮವೇ ನಮಗೆ ದಾರಿ ತೋರುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮುಖ್ಯವಾದ ನಿಯಮಗಳು ಎರಡು. ಒಂದು, ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ದೇಹವು ಅದರ ಮೇಲೆ ನೆಟ್ಟಗೆ ಬರುವವರೆಗೆ ಮೊಣಕಾಲು ಬಾಗಿರಬಾರದು. ಇನ್ನೊಂದು, ಎರಡೂ ಪಾದಗಳು ಏಕಕಾಲಕ್ಕೆ ನೆಲ ಬಿಟ್ಟಿರುವುದು ಕಾಣಬಾರದು. ಯಾರಿಗೆ ಕಾಣಬಾರದು? ಮನುಷ್ಯನ ಕಣ್ಣಿಗೆ ಎಂದು ನಿಯಮವು ಸ್ಪಷ್ಟವಾಗಿ ಹೇಳುತ್ತದೆ. ತೀರ್ಪುಗಾರರು ದಾರಿಯ ಬದಿಯಲ್ಲಿ ನಿಂತು ಕಣ್ಣಿನಿಂದಲೇ ನೋಡಿ ನಿರ್ಣಯಿಸುತ್ತಾರೆ. ಕ್ಯಾಮೆರಾದ ನೆರವನ್ನು ಪಡೆಯುವುದಿಲ್ಲ. ಮೂವರು ಬೇರೆ ಬೇರೆ ತೀರ್ಪುಗಾರರು ಕೆಂಪು ಚೀಟಿ ಬರೆದಾಗಲೇ ಶಿಕ್ಷೆ.

ಕ್ಯಾಮೆರಾ ಕಣ್ಣಿಗಿಂತ ಎಷ್ಟು ಹೆಚ್ಚು ಕಾಣಬಲ್ಲದೆಂಬುದು ಜಗತ್ತಿಗೆ ತಿಳಿದು ಬಹಳ ಕಾಲವಾಯಿತು. 1878ರ ಜೂನ್ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಕ್ಯಾಮೆರಾಗಳನ್ನು ಸಾಲಾಗಿ ಇರಿಸಿ, ಓಡುವ ಕುದುರೆಯ ಚಿತ್ರಗಳನ್ನು ತೆಗೆದನು. ನಾಲ್ಕು ಗೊರಸುಗಳೂ ನೆಲ ಬಿಟ್ಟಿರುವ ಗಳಿಗೆಯೊಂದು ಇದೆಯೆಂದು ಆಗ ಸಿದ್ಧವಾಯಿತು. 1887ರಲ್ಲಿ ಆತನು ಪ್ರಕಟಿಸಿದ 781 ಚಿತ್ರಫಲಕಗಳ ಸಂಗ್ರಹದಲ್ಲಿ ಮನುಷ್ಯರ ನಡಿಗೆಯೂ ಸೇರಿದೆ. ಇಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಚಿತ್ರ ತೆಗೆಯುವುದು ಸಾಮಾನ್ಯ ಸಂಗತಿ. ಹಾಗೆ ತೆಗೆದರೆ, ಶ್ರೇಷ್ಠ ನಡಿಗೆಗಾರರಲ್ಲಿಯೂ ಅನೇಕರ ಪಾದಗಳೆರಡೂ ಕ್ಷಣಾರ್ಧ ಗಾಳಿಯಲ್ಲಿರುವುದು ಕಾಣುತ್ತದೆ. ಆ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡರೆ ಗುರಿ ಮುಟ್ಟುವವರೇ ವಿರಳವಾದಾರು.

ಹಾಗಾದರೆ ಈ ನಿಯಮ ಮಾಡಿದವರು ಸತ್ಯಕ್ಕೆ ಬೆನ್ನು ತಿರುಗಿಸಿದರೆಂದು ಹೇಳಬಹುದೇ? ನನಗೆ ಹಾಗೆ ತೋರುವುದಿಲ್ಲ. ಮನುಷ್ಯರ ನಡಿಗೆಯನ್ನು ಮನುಷ್ಯರ ಅಳತೆಯಿಂದಲೇ ಅಳೆಯಬೇಕೆಂಬುದು ಇಲ್ಲಿಯ ವಿವೇಕ. ಕ್ಯಾಮೆರಾ ಸಾಕ್ಷಿ ಹೇಳಬಲ್ಲದು. ಆದರೆ ಸಾಕ್ಷಿಯೇ ನ್ಯಾಯಪೀಠವನ್ನೇರಿ ಕುಳಿತರೆ ನ್ಯಾಯ ಉಳಿಯುವುದಿಲ್ಲ.

ಚಿತ್ರದ ಸಾಕ್ಷಿ ಎಷ್ಟು ಅಪೂರ್ಣವೆಂಬುದಕ್ಕೆ ಒಲಿಂಪಿಕ್ಸ್‌ನಿಂದಲೇ ಎರಡು ನಿದರ್ಶನ ಕೊಡಬಹುದು. 2000ದ ಸಿಡ್ನಿ ಕ್ರೀಡಾಕೂಟದ ಮಹಿಳೆಯರ 20 ಕಿಲೋಮೀಟರು ನಡಿಗೆಯಲ್ಲಿ ಆಸ್ಟ್ರೇಲಿಯಾದ ಜೇನ್ ಸ್ಯಾವಿಲ್ ಎಲ್ಲರಿಗಿಂತ ಮುಂದಿದ್ದರು. ತಾಯ್ನೆಲದ ಜನ ಕ್ರೀಡಾಂಗಣದೊಳಗೆ ಕಾದಿದ್ದರು. ಅದರ ಪ್ರವೇಶದ್ವಾರದ ಬಳಿಯಲ್ಲಿಯೇ ಅವರಿಗೆ ಅನರ್ಹತೆಯ ಸೂಚನೆ ದೊರೆಯಿತು. ಕಣ್ಣೀರಿಟ್ಟ ಅವರ ಚಿತ್ರವನ್ನು ಜಗತ್ತು ನೋಡಿತು. 2016ರ ರಿಯೋ ಕ್ರೀಡಾಕೂಟದಲ್ಲಿ ಫ್ರಾನ್ಸಿನ ಯೋಹಾನ್ ದಿನಿಜ್ ಅವರು 50 ಕಿಲೋಮೀಟರು ನಡಿಗೆಯ ಆರಂಭದಲ್ಲಿ ಮುಂದಿದ್ದರು. ನಡುದಾರಿಯಲ್ಲಿ ಹೊಟ್ಟೆ ಕೆಟ್ಟು, ದೇಹದ ಮೇಲಿನ ಹಿಡಿತ ತಪ್ಪಿ, ಕುಸಿದುಬಿದ್ದರು. ಮನೆಯವರ ಎದುರಿಗೂ ಹೇಳಿಕೊಳ್ಳಲು ಸಂಕೋಚಪಡುವ ಆ ಸ್ಥಿತಿಯ ಚಿತ್ರಗಳು ಲೋಕವೆಲ್ಲ ಹರಡಿದವು. ಆದರೂ ಅವರು ಎದ್ದು ನಡೆದು, ಮೊದಲ ಹತ್ತು ಮಂದಿಯೊಳಗೆ ಗುರಿ ಮುಟ್ಟಿದರು.

ಚಿತ್ರಗಳು ಅಲ್ಲಿಗೇ ನಿಂತವು. ಆದರೆ ಜೇನ್ ಸ್ಯಾವಿಲ್ 2004ರಲ್ಲಿ ಅಥೆನ್ಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದರು. ದಿನಿಜ್ ಅವರು 2017ರಲ್ಲಿ ಲಂಡನ್ನಿನಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, 50 ಕಿಲೋಮೀಟರು ನಡಿಗೆಯ ವಿಶ್ವಚಾಂಪಿಯನ್ ಆದರು. ಚಿತ್ರ ನಿಂತಲ್ಲಿಯೇ ನಿಲ್ಲುತ್ತದೆ; ಮನುಷ್ಯ ಮುಂದೆ ನಡೆಯುತ್ತಾನೆ. ಬಿದ್ದ ಗಳಿಗೆಯೊಂದನ್ನೇ ಹಿಡಿದಿಟ್ಟು, ಇವನು ಇಂಥವನು ಎನ್ನುವುದು ಅರ್ಧ ಸತ್ಯ.

ಅದೇ ರಿಯೋ ಸ್ಪರ್ಧೆಯ ಇನ್ನೊಂದು ಪ್ರಸಂಗವನ್ನು ಮಕ್ಕಳಿಗೆ ಅವಶ್ಯ ಹೇಳಬೇಕು. ಕೊನೆಯ ಹಂತದಲ್ಲಿ ಜಪಾನಿನ ಹಿರೊಕಿ ಅರಾಯ್ ಮತ್ತು ಕೆನಡಾದ ಇವಾನ್ ಡನ್‌ಫೀ ಅವರ ಮೈ ತಾಗಿತು. ಅರಾಯ್ ಮೂರನೆಯವರಾಗಿಯೂ ಡನ್‌ಫೀ ನಾಲ್ಕನೆಯವರಾಗಿಯೂ ಬಂದರು. ಕೆನಡಾದ ದೂರಿನ ಮೇರೆಗೆ ಅರಾಯ್ ಅವರನ್ನು ಅನರ್ಹಗೊಳಿಸಲಾಯಿತು. ಜಪಾನಿನ ಮೇಲ್ಮನವಿಯ ನಂತರ ಪದಕ ಅವರಿಗೇ ಮರಳಿತು. ಇನ್ನೂ ಮೇಲಿನ ನ್ಯಾಯಮಂಡಳಿಗೆ ಹೋಗಲು ಡನ್‌ಫೀ ಅವರಿಗೆ ಅವಕಾಶವಿತ್ತು. ಮೈ ತಾಗಿದುದು ಕ್ರೀಡೆಯ ಸಹಜ ಸಂಗತಿಯೆಂದು ಭಾವಿಸಿ ಅವರು ಹೋಗಲಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರಿಗೆ ಕಂಚು ಒಲಿದುಬಂದಿತು. ಕ್ಯಾಮೆರಾ ತೋರಿದ್ದು ಮೈ ತಾಗಿದುದನ್ನು ಮಾತ್ರ. ಅದರಲ್ಲಿ ದುರುದ್ದೇಶವಿರಲಿಲ್ಲವೆಂಬುದನ್ನು ಕಂಡದ್ದು ಮನುಷ್ಯನ ಮನಸ್ಸು.

ಒಲಿಂಪಿಕ್ಸ್‌ನ ಮಾತು ದೊಡ್ಡದಾಯಿತೆಂದು ತಿಳಿಯಬೇಡಿ. ಇದೇ ಪ್ರಶ್ನೆ ನಮ್ಮ ಓಣಿಯಲ್ಲಿಯೂ ಇದೆ. ಹೋದ ವರ್ಷ ನಮ್ಮ ಬಡಾವಣೆಯಲ್ಲಿ ಹಿರಿಯರಿಗಾಗಿ ನಡಿಗೆಯ ಸ್ಪರ್ಧೆ ಏರ್ಪಟ್ಟಿತ್ತು. ಅರ್ಧ ದಾರಿಯಲ್ಲಿ ನನ್ನ ಚಪ್ಪಲಿಯ ಬಾರು ಹರಿಯಿತು. ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತು, ಧೋತರ ಸಾವರಿಸಿಕೊಳ್ಳುತ್ತ, ಒಂದು ಕೈಯಲ್ಲಿ ಚಪ್ಪಲಿ ಹಿಡಿದಿದ್ದೆ. ಎದುರಿಗೆ ಫೋಟೋ ತೆಗೆಯಲು ನಿಂತಿದ್ದ ತರುಣನು ಕ್ಯಾಮೆರಾ ಎತ್ತಿದವನು ಹಾಗೆಯೇ ಇಳಿಸಿ, "ಅಜ್ಜಾರ, ಇಲ್ಲೇ ಕುಂದರ್ರಿ, ಪಿನ್ನು ತರ್ತೀನಿ" ಎಂದು ಓಡಿದನು. ಪಿನ್ನು ಬಂದಿತು, ಬಾರು ಕೂಡಿತು, ನಾನು ನಡೆದೆ. ಆಮೇಲೆ ಗುರಿಯ ಬಳಿ ಎಲ್ಲರಿಗಿಂತ ಹಿಂದೆ ಬಂದ ನನ್ನ ಚಿತ್ರವನ್ನು ಅವನು ತೆಗೆದನು. ಆ ಚಿತ್ರ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಅವನು ತೆಗೆಯದೆ ಬಿಟ್ಟ ಚಿತ್ರವಿದೆಯಲ್ಲ, ಅದನ್ನು ನಾನು ಇನ್ನೂ ದೊಡ್ಡದೆಂದು ಎಣಿಸುತ್ತೇನೆ.

ಹಿಂದಿನ ಕಾಲದ ಒಂದು ರೀಲಿನಲ್ಲಿ 36 ಚಿತ್ರಗಳಿಗೆ ಮಾತ್ರ ಎಡೆಯಿರುತ್ತಿತ್ತು. ರೀಲನ್ನು ಸ್ಟುಡಿಯೋಕ್ಕೆ ಕೊಟ್ಟು, ತೊಳೆದು ಅಚ್ಚಾಗಿ ಬರುವವರೆಗೆ ಕೆಲವು ದಿನ ಕಾಯಬೇಕಾಗಿತ್ತು. ತೆಗೆಯುವುದಕ್ಕೂ ತೋರಿಸುವುದಕ್ಕೂ ನಡುವೆ ಬಿಡುವು ಇತ್ತು. ಆ ಬಿಡುವಿನಲ್ಲಿ ನಗೆ ತಣಿಯುತ್ತಿತ್ತು, ವಿವೇಕ ಮೂಡುತ್ತಿತ್ತು. ಮೊಬೈಲು ಆ ಬಿಡುವನ್ನು ಅಳಿಸಿಹಾಕಿದೆ. ನೆಂಟರ ಮುಂದೆ ಸೊಸೆಯ ಕೈಯಿಂದ ಸಾರಿನ ಪಾತ್ರೆ ಜಾರಿದರೆ, ಅಜ್ಜನು ಜಗುಲಿಯ ಮೇಲೆ ಬಾಯಿ ತೆರೆದು ನಿದ್ರಿಸಿದರೆ, ಶಾಲೆಯ ಓಟದಲ್ಲಿ ಮಗು ಬಿದ್ದರೆ, ನೆಲ ಒರೆಸುವ ಮೊದಲೇ ಚಿತ್ರವು ಬಂಧುಬಳಗದವರ ವಾಟ್ಸಾಪ್ ಗುಂಪನ್ನು ಸೇರಿರುತ್ತದೆ. ನೋಡಿದವರಿಗೆ ಒಂದು ಗಳಿಗೆಯ ನಗೆ. ಆ ಸೊಸೆಗಾದರೋ ಪ್ರತಿ ಹಬ್ಬದಲ್ಲಿಯೂ ಮತ್ತೆ ಮತ್ತೆ ಕೇಳಬೇಕಾದ ಮಾತು.

ಇನ್ನು ಮುಂದೆ ನಡಿಗೆಯ ಸ್ಪರ್ಧೆಯಲ್ಲಾಗಲಿ ಮನೆಯ ಸಮಾರಂಭದಲ್ಲಾಗಲಿ ಫೋಟೋ ತೆಗೆಯುವ ತರುಣ ತರುಣಿಯರಲ್ಲಿ ನನ್ನ ಬಿನ್ನಹವಿಷ್ಟೆ. ನಡೆಯುವವರ ದಾರಿಗೆ ಅಡ್ಡ ನಿಲ್ಲಬೇಡಿ. ಮೊದಲು ಬಂದವರ ಹತ್ತು ಚಿತ್ರ ತೆಗೆಯುವುದಾದರೆ ಕೊನೆಗೆ ಬಂದವರದೊಂದನ್ನಾದರೂ ತೆಗೆಯಿರಿ. ಯಾರಾದರೂ ಬಿದ್ದರೆ ಮೊದಲು ಕೈ ಕೊಡಿ, ಕ್ಯಾಮೆರಾ ಆಮೇಲಾಗಲಿ. ಅಕಸ್ಮಾತ್ತಾಗಿ ಅವಘಡದ ಚಿತ್ರ ದೊರೆತರೆ, ಅದನ್ನು ಮೊದಲು ಆ ವ್ಯಕ್ತಿಗೇ ತೋರಿಸಿ. ಅವರು ಮನಸಾರೆ ನಕ್ಕು ಒಪ್ಪಿದರೆ ಇತರರೂ ನಗಲಿ. ಅವರ ಮುಖ ಬಾಡಿದರೆ ಅವರೆದುರಿಗೇ ಅಳಿಸಿಬಿಡಿ. ಮಕ್ಕಳಿಗೆ ಇಲ್ಲವೆನ್ನುವ ಧೈರ್ಯವಿರುವುದಿಲ್ಲ. ಅವರ ಪರವಾಗಿ ಹಿರಿಯರೇ ಯೋಚಿಸಬೇಕು.

ನಗೆಯೇ ಕೂಡದೆಂದು ನಾನು ಹೇಳುತ್ತಿಲ್ಲ. ತನ್ನ ಎಡವಟ್ಟಿಗೆ ತಾನೇ ನಗಬಲ್ಲವನು ಭಾಗ್ಯವಂತನೇ ಸರಿ. ಆದರೆ ಆ ನಗೆಯನ್ನು ಆರಂಭಿಸುವ ಅಧಿಕಾರ ಎಡವಿದವನಿಗೇ ಇರಲಿ. ಕ್ಯಾಮೆರಾಕ್ಕೆ ಎಲ್ಲವನ್ನೂ ಕಾಣುವ ಶಕ್ತಿಯಿದೆ. ಕಂಡೂ ಕಾಣದಂತಿರುವ ಶಕ್ತಿಯಿರುವುದು ಮನುಷ್ಯನಿಗೆ ಮಾತ್ರ. ಆ ಶಕ್ತಿ ನಮ್ಮ ಮನೆಗಳಲ್ಲಿ ಕುಂದದಿರಲೆಂದು ಹಾರೈಸುತ್ತೇನೆ.