ದಾನಪತ್ರ ರದ್ದಾದ ಮೇಲೆ ಬಿಸಿನೀರು ಕಾಯಿಸುವವರು ಯಾರು?

2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಆಡಿದ ಮಾತು ರಾಜ್ಯದ ತುಂಬ ಚರ್ಚೆಯಾಯಿತು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್ ಒಂದರಲ್ಲೇ 150ಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿದ್ದಾರೆ, ಅಂಥವರ ಮೇಲೆ ಉಪವಿಭಾಗಾಧಿಕಾರಿಗೆ ದೂರು ಕೊಡಬೇಕು, ಹೆತ್ತವರು ಬರೆದುಕೊಟ್ಟ ಆಸ್ತಿಯನ್ನು ಹಿಂದಕ್ಕೆ ಕೊಡಿಸಬೇಕು ಎಂದರು ಅವರು. ಸುದ್ದಿ ಓದಿದವರು ಮಕ್ಕಳಿಗೆ ಹಿಡಿಶಾಪ ಹಾಕಿದರು. ಅದಕ್ಕೆ ಕಾರಣವೂ ಇತ್ತು. ಇಂಥ ಸಿಟ್ಟು ನಮ್ಮಲ್ಲಷ್ಟೇ ಇಲ್ಲ. ಹೆತ್ತವರನ್ನು ನೋಡಿಕೊಳ್ಳದ ಸರ್ಕಾರಿ ನೌಕರರ ಸಂಬಳದಲ್ಲಿ ಹಣ ಮುರಿದುಕೊಂಡು ತಂದೆತಾಯಿಗೆ ಕೊಡುವ ಕಾಯ್ದೆಯನ್ನು ಅಸ್ಸಾಂ 2017ರಲ್ಲೇ ಮಾಡಿತು. ಆದರೆ ನಮ್ಮ ಚರ್ಚೆ ಶಿಕ್ಷೆಯ ಸುತ್ತಲೇ ಸುತ್ತಿ ಮುಗಿದುಹೋಯಿತು. ವೃದ್ಧರು ಆಸ್ಪತ್ರೆಯ ವರಾಂಡ ತಲುಪುವ ಮೊದಲು, ಅವರು ಇನ್ನೂ ತಮ್ಮ ಮನೆಯಲ್ಲೇ ಇದ್ದ ದಿನಗಳಲ್ಲಿ, ಬಾಗಿಲಿಗೆ ಬಂದು ಕೈಹಿಡಿಯುವವರು ಯಾಕೆ ಇರಲಿಲ್ಲ ಎಂದು ಯಾರೂ ಕೇಳಲಿಲ್ಲ. ವೃದ್ಧರು ತಮ್ಮ ಮನೆಯಲ್ಲೇ ಬದುಕುವುದಕ್ಕೆ ಬೇಕಾದ ದಿನದಿನದ ನೆರವನ್ನು ಸಾರ್ವಜನಿಕ ಹಣದಿಂದ, ಲಾಭದ ಆಸೆಯಿಲ್ಲದ ಸ್ಥಳೀಯ ಸಂಘಗಳ ಮೂಲಕ, ಹಳ್ಳಿಹಳ್ಳಿಗೂ ಒದಗಿಸಬೇಕು ಎಂಬುದು ನನ್ನ ವಾದ. ವೃದ್ಧಾಶ್ರಮ ಕಟ್ಟುವುದೂ ಮಕ್ಕಳನ್ನು ದಂಡಿಸುವುದೂ ಆ ಕೆಲಸದ ಜಾಗದಲ್ಲಿ ನಿಲ್ಲಲಾರವು.

ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ವಾಪಸು ಪಡೆಯುವ ಹಕ್ಕು ಕೊಟ್ಟಿದೆ. ಅದು ದೊಡ್ಡ ಆಸರೆ. ಆದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ–ಸೊರಬ ಸೀಮೆಯ ಅಂಬ್ಲಿಗೊಳದಂಥ ಊರಿನಲ್ಲಿ ಒಂಟಿಯಾಗಿರುವ ಎಂಬತ್ತರ ಅಜ್ಜಿಯೊಬ್ಬರಿಗೆ ಈ ಕಾಯ್ದೆ ಕೊಡುವುದೇನು? ಅರ್ಜಿ ಹಿಡಿದು ಉಪವಿಭಾಗಾಧಿಕಾರಿ ಕೂರುವ ಸಾಗರಕ್ಕೆ ಹೋಗಬೇಕು. ಗೆದ್ದರೆ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಜೀವನಾಂಶದ ಆದೇಶ ಸಿಗುತ್ತದೆ, ಇಲ್ಲವೇ ಪಹಣಿಯಲ್ಲಿ ಹೆಸರು ಮತ್ತೆ ಏರುತ್ತದೆ. ಎರಡೂ ಆದ ಮಾರನೆಯ ಬೆಳಿಗ್ಗೆ ಹಂಡೆಗೆ ನೀರು ತುಂಬಿಸಿ ಒಲೆ ಹೊತ್ತಿಸುವವರು ಬೇಕು, ಬಚ್ಚಲಿನಲ್ಲಿ ಜಾರದಂತೆ ತೋಳು ಹಿಡಿಯುವವರು ಬೇಕು, ಬಿ.ಪಿ. ಮಾತ್ರೆ ಯಾವುದು, ಸಕ್ಕರೆ ಕಾಯಿಲೆಯ ಮಾತ್ರೆ ಯಾವುದು ಎಂದು ನೋಡಿ ಕೊಡುವವರು ಬೇಕು. ಇದು ಕೆಲವೇ ಮಂದಿಯ ಪಾಡಲ್ಲ. ಕೇಂದ್ರ ಸರ್ಕಾರ 2017–18ರಲ್ಲಿ ವಯಸ್ಸಾದವರ ಕುರಿತು ನಡೆಸಿದ ‘ಲಾಸಿ’ ಸಮೀಕ್ಷೆಯ ಪ್ರಕಾರ, 60 ದಾಟಿದವರಲ್ಲಿ ನೂರಕ್ಕೆ 24 ಮಂದಿಗೆ ಸ್ನಾನ, ಬಟ್ಟೆ ಉಡುವುದು, ಓಡಾಟದಂಥ ಮೂಲ ಕೆಲಸಗಳಲ್ಲಿ ಒಂದಾದರೂ ಕಷ್ಟ. ಅಡುಗೆ, ಅಂಗಡಿ, ಹಣಕಾಸು, ಔಷಧದಂಥ ಕೆಲಸಗಳಿಗೆ ಬಂದರೆ ಸುಮಾರು ಅರ್ಧದಷ್ಟು ಜನರಿಗೆ ಯಾವುದಾದರೊಂದಕ್ಕೆ ತೊಡಕಿದೆ. ನೂರಕ್ಕೆ ಆರು ಮಂದಿ ಒಂಟಿ. ಇನ್ನು ಇಪ್ಪತ್ತು ಮಂದಿ ಮಕ್ಕಳು ಜೊತೆಗಿಲ್ಲದೆ ಗಂಡ ಅಥವಾ ಹೆಂಡತಿಯ ಜೊತೆ ಇರುವವರು. ಅಂದರೆ ಒಬ್ಬ ಮುದುಕರ ಕೈಯನ್ನು ಇನ್ನೊಬ್ಬ ಮುದುಕರೇ ಹಿಡಿಯಬೇಕು. ಇವರ ಮಕ್ಕಳೆಲ್ಲ ದುಷ್ಟರಲ್ಲ. ಬೆಂಗಳೂರಿನಲ್ಲಿ ದುಡಿದು ತಿಂಗಳಿಗೊಮ್ಮೆ ದುಡ್ಡು ಕಳಿಸುವ, ವಾರಕ್ಕೆ ನಾಲ್ಕು ಸಲ ಫೋನು ಮಾಡುವ ಮಗನ ಮೇಲೆ ಯಾವ ಕಲಮು ಹಾಕುತ್ತೀರಿ?

ಹಾಗಾದರೆ ವೃದ್ಧಾಶ್ರಮ ಎನ್ನುತ್ತಾರೆ. ಅದೇ ಕಾಯ್ದೆಯ 19ನೇ ಕಲಮು ಜಿಲ್ಲೆಗೊಂದಾದರೂ, 150 ಮಂದಿಯ ವೃದ್ಧಾಶ್ರಮವನ್ನು ರಾಜ್ಯ ಸ್ಥಾಪಿಸಬಹುದು ಎನ್ನುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17.5 ಲಕ್ಷ. ರಾಜ್ಯದಲ್ಲಿ ಆಗ 60 ದಾಟಿದವರ ಪ್ರಮಾಣ ನೂರಕ್ಕೆ ಒಂಬತ್ತೂವರೆಯ ಆಸುಪಾಸು. ಅದೇ ಲೆಕ್ಕ ಹಿಡಿದರೂ ಜಿಲ್ಲೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವೃದ್ಧರು, ಹಾಸಿಗೆ 150. ಹತ್ತು ಪಟ್ಟು ಕಟ್ಟಿದರೂ ನೂರಕ್ಕೆ ಒಬ್ಬರಿಗೆ ಸಾಲದು. ನಿಜಕ್ಕೂ ದಿಕ್ಕಿಲ್ಲದವರಿಗೆ ಆಶ್ರಮ ಇರಲೇಬೇಕು. ಉಳಿದವರ ಪ್ರಶ್ನೆಯೇ ಬೇರೆ. ತಾನೇ ನೆಟ್ಟ ಅಡಿಕೆ ಮರ, ಕೊಟ್ಟಿಗೆಯ ಒಂದು ಹಸು, ಕರೆದರೆ ಓಗೊಡುವ ಪಕ್ಕದ ಮನೆ, ವರ್ಷಕ್ಕೊಮ್ಮೆ ಬರುವ ಊರ ಜಾತ್ರೆ ಇವುಗಳಿಂದ ಕಿತ್ತು ಪೇಟೆಯ ಸಾಲುಮಂಚದ ಮೇಲೆ ಮಲಗಿಸುವುದನ್ನು ಆರೈಕೆ ಎಂದು ಒಪ್ಪಲು ನನ್ನಿಂದಾಗದು. ಹಿರಿಯ ನಾಗರಿಕರ ಬಗ್ಗೆ 2011ರಲ್ಲಿ ಸಿದ್ಧವಾದ ರಾಷ್ಟ್ರೀಯ ನೀತಿಯ ದಸ್ತಾವೇಜು ಕೂಡ ಸ್ವಂತ ಮನೆಯಲ್ಲೇ ವಯಸ್ಸು ಕಳೆಯುವುದಕ್ಕೆ ಒತ್ತು ಕೊಟ್ಟು, ಆಶ್ರಮವನ್ನು ಕೊನೆಯ ದಾರಿ ಎಂದಿತ್ತು. ಮನೆಯಾರೈಕೆ ಸೇವೆಯನ್ನು ಕಾಯ್ದೆಯೊಳಗೆ ತರುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. 17ನೇ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

ರಾಜ್ಯದ ಕಥೆ ಇದಕ್ಕಿಂತ ನೋವಿನದು, ಏಕೆಂದರೆ ಇಲ್ಲಿ ದಾರಿ ತಿಳಿದಿತ್ತು. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾದಾಗ ಹಣಕಾಸು ಖಾತೆ ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿತ್ತು. ಯೋಜನೆಯ ರೂಪುರೇಷೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 400 ರೂಪಾಯಿ ಪಿಂಚಣಿಯ ಜೊತೆಗೆ ಬಸ್ ಪಾಸು, ಸ್ವಯಂಸೇವಾ ಸಂಸ್ಥೆಗಳ ಮೂಲಕ ವೈದ್ಯಕೀಯ ನೆರವು, ಹಗಲು ಆರೈಕೆ ಕೇಂದ್ರ, ಸಹಾಯವಾಣಿ ಎಲ್ಲ ಇದ್ದವು. ಪಿಂಚಣಿ ಬೆಳೆಯಿತು, 2021ರಲ್ಲಿ ಸಾವಿರದಿಂದ 1,200 ರೂಪಾಯಿಗೆ ಏರಿತು. (60ರಿಂದ 79ರವರೆಗಿನವರ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು ಮಾತ್ರ 200 ರೂಪಾಯಿಯಲ್ಲೇ ನಿಂತಿದೆ.) ಸೇವೆಯ ಭಾಗ ಹಳ್ಳಿಯ ಮಟ್ಟಿಗೆ ಕಾಗದದಲ್ಲೇ ಉಳಿಯಿತು. ಬಂಗಾರಪ್ಪನವರ ಸೊರಬ, ಯಡಿಯೂರಪ್ಪನವರ ಶಿಕಾರಿಪುರ: ಅಕ್ಕಪಕ್ಕದ ಎರಡು ತಾಲ್ಲೂಕು ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಇಲ್ಲಿಗೇ ಈ ಸೇವೆ ಬರಲಿಲ್ಲವೆಂದಾದರೆ, ಹೇಳುವವರು ಕೇಳುವವರು ಇಲ್ಲದ ತಾಲ್ಲೂಕುಗಳ ಗತಿ ಊಹಿಸಬಹುದು. ಪಿಂಚಣಿ ಬ್ಯಾಂಕು ಖಾತೆಗೆ ಬಂದು ಬೀಳುತ್ತದೆ. ಅದನ್ನು ತೆಗೆದು ತರುವ ಕಾಲು, ಅದರಿಂದ ಔಷಧ ಕೊಂಡು ತರುವ ಕೈ ಎಲ್ಲಿಂದ ಬರಬೇಕು ಎಂಬುದಕ್ಕೆ ಸರ್ಕಾರದಲ್ಲಿ ಉತ್ತರವಿಲ್ಲ.

ಉತ್ತರ ಬೇರೆಡೆ ಇದೆ, ಪರೀಕ್ಷೆಗೂ ಒಳಗಾಗಿದೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರು ನೋವು ಮತ್ತು ಉಪಶಾಮಕ ಆರೈಕೆಯ ಸಣ್ಣ ಸಂಘವೊಂದನ್ನು ಕಟ್ಟಿದರು. ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆರೈಕೆಯೇ ಮನೆಗೆ ಹೋಗಬೇಕೆಂಬುದು ಅದು ಹಿಡಿದ ಹಾದಿ. ಊರವರು ವಾರದಲ್ಲಿ ಒಂದೆರಡು ಗಂಟೆ ಸಮಯ ಕೊಟ್ಟರು, ಚಂದಾ ಎತ್ತಿದರು, ತರಬೇತಿ ಪಡೆದರು. ನರ್ಸು ಮನೆಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ನೀತಿಯಾಗಿ ಒಪ್ಪಿತು, ಪಂಚಾಯಿತಿಗಳು ಹಣ ಇಟ್ಟವು. ಮೊದಲು ಜನರ ಸಂಘ, ಆಮೇಲೆ ಸರ್ಕಾರ. ಸರ್ಕಾರ ಬಂದ ಮೇಲೂ ಸಂಘ ಹಿಂದೆ ಸರಿಯಲಿಲ್ಲ, ಕೆಲಸದಲ್ಲೇ ಉಳಿಯಿತು. ನಮ್ಮಲ್ಲೂ ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುತ್ತಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ವಾತ್ಸಲ್ಯ’ ಕಾರ್ಯಕ್ರಮ ನಿರ್ಗತಿಕರಿಗೆ ಮಾಸಾಶನದ ಜೊತೆ ಮನೆಯನ್ನೂ ಕಟ್ಟಿಸಿಕೊಡುತ್ತದೆ. ಇವೆಲ್ಲ ಒಳ್ಳೆಯ ಕೆಲಸಗಳೇ, ಆದರೆ ದಾನಿಗಳಿರುವಲ್ಲಿ ಮಾತ್ರ ನಡೆಯುವಂಥವು. ದಾನ ಎಲ್ಲಿ ಬರುತ್ತದೋ ಅಲ್ಲಿ ಮಾತ್ರ ಮುದುಕರಿಗೆ ನೆಮ್ಮದಿ ಎಂಬ ಸ್ಥಿತಿ ಒಂದು ರಾಜ್ಯಕ್ಕೆ ಶೋಭೆ ತರುವುದಿಲ್ಲ.

ಇದು ನಮ್ಮ ಸಂಸ್ಕೃತಿಯಲ್ಲ, ಹೊರಗಿನವರು ಬಂದು ಮಾಡಿಕೊಟ್ಟರೆ ಮಕ್ಕಳು ಜವಾಬ್ದಾರಿ ಕಳಚಿಕೊಳ್ಳುತ್ತಾರೆ ಎಂಬ ಆಕ್ಷೇಪ ಮೊದಲು ಬರುತ್ತದೆ. ಸಂಸ್ಕೃತಿಯ ಮಾತೆತ್ತುವವರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಿ ಬರಲಿ. ಅಲ್ಲಿನ ಕೋಡಿಮಠವನ್ನು ಕುರಿತ 1162ರ ಶಾಸನ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಕೊಡುವ, ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೆಂದು ಅದನ್ನು ಬಣ್ಣಿಸುತ್ತದೆ. ದುರ್ಬಲರನ್ನು ನೋಡಿಕೊಳ್ಳುವ ಹೊಣೆ ಮನೆಯೊಂದರದ್ದೇ ಎಂದು ಈ ನೆಲ ಎಂಟೂವರೆ ಶತಮಾನದ ಹಿಂದೆಯೂ ಭಾವಿಸಿರಲಿಲ್ಲ. ಇನ್ನು ಜವಾಬ್ದಾರಿಯ ಮಾತು. ಮಕ್ಕಳು ನೋಡಿಕೊಳ್ಳುತ್ತಾರೆ ಎಂದಾಗ ನಿಜದಲ್ಲಿ ನೋಡಿಕೊಳ್ಳುವವರು ಸೊಸೆ, ಇಲ್ಲವೇ ಮದುವೆಯಾಗದ ಅಥವಾ ಗಂಡನನ್ನು ಕಳೆದುಕೊಂಡು ಬಂದ ಮಗಳು. ತೋಟದ ಕೂಲಿ, ಅಡುಗೆ, ಮಕ್ಕಳ ಶಾಲೆಯ ಮೇಲೆ ಹಾಸಿಗೆ ಹಿಡಿದ ಅತ್ತೆಯ ಮಲಮೂತ್ರದ ಕೆಲಸವೂ ಅವಳ ಹೆಗಲಿಗೆ. ವಾರಕ್ಕೆ ಮೂರು ದಿನ ಒಬ್ಬರು ಬಂದು ಮೈ ಒರೆಸಿ, ಬೆನ್ನಿನ ಹುಣ್ಣು ನೋಡಿ, ಎರಡು ಗಂಟೆ ಕೂತು ಹೋದರೆ ಆ ಸೊಸೆ ಅತ್ತೆಯನ್ನು ಬಿಟ್ಟುಹೋಗುವುದಿಲ್ಲ. ಬಿಟ್ಟುಹೋಗುವಷ್ಟು ಬಳಲುವುದೇ ಇಲ್ಲ. ಬಿಮ್ಸ್‌ನಲ್ಲಿ ಕಂಡ ಕ್ರೌರ್ಯದ ಒಂದು ಪಾಲಾದರೂ ಇಂಥ ಬಳಲಿಕೆಯಿಂದ ಹುಟ್ಟಿದ್ದೆಂದು ನಂಬುತ್ತೇನೆ.

ದುಡ್ಡೆಲ್ಲಿದೆ ಎಂಬುದು ಎರಡನೆಯದು. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಒಂದೊಂದಕ್ಕೂ ತರಬೇತಿ ಪಡೆದ ಇಬ್ಬರು ಆರೈಕೆದಾರರನ್ನು ತಿಂಗಳಿಗೆ 12,000 ರೂಪಾಯಿ ಸಂಬಳದಲ್ಲಿ ಇಟ್ಟರೆ ವರ್ಷಕ್ಕೆ 173 ಕೋಟಿ ರೂಪಾಯಿ. ತಾಲ್ಲೂಕಿನ ನರ್ಸು, ವಾಹನ, ತರಬೇತಿ, ಉಪಕರಣವೆಂದು ಅಷ್ಟೇ ಮೊತ್ತವನ್ನು ಮತ್ತೆ ಸೇರಿಸಿದರೂ 350 ಕೋಟಿ ಮುಟ್ಟುವುದಿಲ್ಲ. 2024–25ರಲ್ಲಿ ಗೃಹಲಕ್ಷ್ಮಿಯೊಂದಕ್ಕೇ 28,608 ಕೋಟಿ ತೆಗೆದಿಡಲಾಗಿತ್ತು. ಆ ಯೋಜನೆಯನ್ನು ನಾನು ಟೀಕಿಸುತ್ತಿಲ್ಲ. ಮನಸ್ಸಿದ್ದಾಗ ಸರ್ಕಾರಕ್ಕೆ ಹಣ ಸಿಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ವ್ಯವಸ್ಥೆಯ ಮಾದರಿಯೂ ಇದೆ. ಸಣ್ಣ ಮಕ್ಕಳಿಗಾಗಿ 2023ರಲ್ಲಿ ‘ಕೂಸಿನ ಮನೆ’ ಬಂತು. 4,000 ಪಂಚಾಯಿತಿಗಳ ಗುರಿಯಿಟ್ಟು, ಉದ್ಯೋಗ ಖಾತರಿ ಚೀಟಿಯಿದ್ದ ಊರ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೈಕೆಗೆ ನೇಮಿಸಲಾಯಿತು. ಕೂಸಿಗೆ ಸಾಧ್ಯವಾದದ್ದು ಮುದುಕರಿಗೆ ಅಸಾಧ್ಯವೆನ್ನಲು ಕಾರಣ ಕಾಣಿಸುತ್ತಿಲ್ಲ.

ಹಾಗಿದ್ದರೆ ಆಶಾ ಕಾರ್ಯಕರ್ತೆಯರಿಗೇ ವಹಿಸಿಬಿಡಿ, ಸಂಘಸಂಸ್ಥೆಗಳನ್ನು ನಡುವೆ ತರುವುದೇಕೆ ಎನ್ನುವವರಿದ್ದಾರೆ. ಮನೆಮನೆಗೆ ಹೋಗುವುದು ಈ ಸೀಮೆಗೆ ಹೊಸದಲ್ಲ, ನಿಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಕಾಲ ಬಂತೆಂದರೆ ಆರೋಗ್ಯ ಕಾರ್ಯಕರ್ತೆಯರು ಜ್ವರ ವಿಚಾರಿಸುತ್ತ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತ ಕಾಡಂಚಿನ ಮನೆಗಳಿಗೆ ಹೋಗುತ್ತಾರೆ. ಆದರೆ ತಿಂಗಳಿಗೆ 10,000 ರೂಪಾಯಿ ಖಾತರಿ ಪಡೆಯಲು ಅದೇ ಆಶಾಗಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಬಸುರಿ, ಬಾಣಂತಿ, ಲಸಿಕೆ, ಸಮೀಕ್ಷೆಗಳ ಮೇಲೆ ಇದನ್ನೂ ಹೇರುವುದು ಅನ್ಯಾಯ. ಅವರು ಕಾಯಿಲೆಯನ್ನು ಗುರುತಿಸಿ ತಿಳಿಸಲಿ. ಮೈ ತೊಳೆಸುವ, ಗಂಜಿ ಕುಡಿಸುವ, ಜೊತೆ ಕೂರುವ ಕೆಲಸಕ್ಕೆ ಬೇರೆಯೇ ಜನ ಬೇಕು. ಅದನ್ನು ಸ್ತ್ರೀಶಕ್ತಿ ಸಂಘಗಳ ಒಕ್ಕೂಟ, ಹಾಲಿನ ಸಹಕಾರ ಸಂಘ, ಊರಲ್ಲೇ ನೋಂದಾಯಿಸಿದ ಟ್ರಸ್ಟು ನಡೆಸಲಿ. ಲೆಕ್ಕ ಗ್ರಾಮಸಭೆಯಲ್ಲಿ ಓದಿ ಹೇಳಲಿ.

ಸಂಸ್ಥೆಗಳ ಮೇಲಿನ ಅನುಮಾನ ಸುಳ್ಳಲ್ಲ. ಹಣ ತಿಂದವರಿದ್ದಾರೆ, ಸೇವೆಯ ಜೊತೆ ತಮ್ಮ ನಂಬಿಕೆಯನ್ನೂ ಬಡಿಸುವವರಿದ್ದಾರೆ. ಅಕ್ಷಯಪಾತ್ರ ಸಂಸ್ಥೆ ಶಾಲಾ ಮಕ್ಕಳಿಗೆ ಕೊಡುವ ಬಿಸಿಯೂಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂಬ ವಿವಾದ 2019ರಲ್ಲಿ ಎದ್ದಾಗ ಕೇಳಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಸರ್ಕಾರದ ಹಣದ ಊಟ ಉಣ್ಣುವವರ ರುಚಿಗೋ, ಬಡಿಸುವವರ ವ್ರತಕ್ಕೋ? ಮೀನುಸಾರು ಬೇಕೆನ್ನುವ ಅಜ್ಜನಿಗೆ ಮೀನುಸಾರೇ ಸಿಗಬೇಕು. ಇದಕ್ಕಿಂತ ಕಠಿಣವಾದ ಪ್ರಶ್ನೆ ಜಾತಿಯದು. ಮೈಮುಟ್ಟಿ ಮಾಡುವ ಕೆಲಸವಿದು, ಅಡುಗೆಮನೆಯೊಳಗೆ ಹೋಗಿ ಮಾಡುವ ಕೆಲಸ. ದಲಿತ ಹೆಣ್ಣುಮಗಳೊಬ್ಬಳು ಆರೈಕೆಗೆ ಬಂದಾಗ ಜಗಲಿಯಲ್ಲೇ ನಿಲ್ಲು ಎನ್ನುವ ಮನೆಗಳು ಇರುತ್ತವೆ. ವೃದ್ಧರು, ಹಳೆಯ ಕಾಲದವರು, ಹೋಗಲಿ ಬಿಡಿ ಎಂದು ಸುಮ್ಮನಾದರೆ ಈ ಯೋಜನೆ ಸಾರ್ವಜನಿಕ ಹಣದಲ್ಲಿ ಅಸ್ಪೃಶ್ಯತೆಯನ್ನು ಸಾಕಿದಂತಾಗುತ್ತದೆ. ಜಾತಿ ನೋಡಿ ಆರೈಕೆದಾರರನ್ನು ಬದಲಿಸುವ ಸಂಸ್ಥೆಗೆ ಅನುದಾನ ನಿಲ್ಲಬೇಕು. ಜಾತಿ ಕೇಳಿ ಬೇಡವೆನ್ನುವ ಮನೆಗೆ ಬೇರೆಯವರನ್ನು ಕಳಿಸಬಾರದು. ಈ ಷರತ್ತನ್ನು ಮೊದಲ ದಿನವೇ ಬರೆದಿಡಬೇಕು.

ಯಾರ ಮನೆಯಿಂದ ಆರಂಭಿಸಬೇಕೆಂದು ಹುಡುಕಲು ಹೊಸ ಸಮೀಕ್ಷೆಯೇನೂ ಬೇಡ. 2024–25ರ ಬಜೆಟ್ಟಿನಲ್ಲಿ 80 ದಾಟಿದವರು ಮಾತ್ರ ಇರುವ ಮನೆಗಳಿಗೆ ಪಡಿತರವನ್ನು ಬಾಗಿಲಿಗೇ ತಲುಪಿಸುವ ‘ಅನ್ನ ಸುವಿಧಾ’ ಘೋಷಿಸಿದಾಗಲೇ, ಅಂಥ ಮನೆಗಳು ಯಾವುವೆಂದು ಪಡಿತರ ಚೀಟಿಯಿಂದ ಗುರುತಿಸಬಹುದೆಂದು ಸರ್ಕಾರ ಒಪ್ಪಿಕೊಂಡಿತ್ತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಆ ಹೆಸರುಗಳನ್ನು ಪಂಚಾಯಿತಿವಾರು ವಿಂಗಡಿಸಿ, ಅಂಬ್ಲಿಗೊಳದ ಸುತ್ತಲಿನ ಹಳ್ಳಿಗಳಿಂದ ಮೊದಲುಗೊಂಡು ಆರೈಕೆದಾರರನ್ನು ಕಳಿಸಲು ಬೇಕಾಗಿರುವುದು ಒಂದು ಆದೇಶ ಮತ್ತು ಮುಂದಿನ ಬಜೆಟ್ಟಿನಲ್ಲಿ ಒಂದು ಲೆಕ್ಕ ಶೀರ್ಷಿಕೆ.